ಬಿಟ್ಟ ಮೆಟ್ಟಿಲಿಗೇ ಮರಳುವ ಮಕ್ಕಳು

ಮೇಷ್ಟ್ರು ಹಾಜರಿ ಪುಸ್ತಕ ಬಿಚ್ಚಿ ನನ್ನ ಮುಂದಿಟ್ಟು, "ಹೆಸರು ಓದಬೇಡಿ, ಕೆಂಪು ಶಾಯಿ ಎಲ್ಲೆಲ್ಲಿದೆ ಅಂತ ಮಾತ್ರ ನೋಡಿ" ಅಂದರು. ಹಾಜರಾದವರಿಗೆ ನೀಲಿ, ಗೈರಾದವರಿಗೆ ಕೆಂಪು. ಜುಲೈ, ಆಗಸ್ಟ್ ಪುಟಗಳಲ್ಲಿ ಕೆಂಪು ಅಲ್ಲೊಂದು ಇಲ್ಲೊಂದು. ನವೆಂಬರ್ ಕೊನೆಗೆ ಬಂದಾಗ ಕೊಂಚ ದಟ್ಟ. ಜನವರಿ ಪುಟದಲ್ಲಿ ನಾಲ್ಕು ಹೆಸರುಗಳ ಮುಂದೆ ತಿಂಗಳ ಈ ತುದಿಯಿಂದ ಆ ತುದಿಯವರೆಗೂ ಕೆಂಪೇ. ನಾನು ಪುಟ ತಿರುಗಿಸುತ್ತಿದ್ದಂತೆ ಅವರು ಬೆರಳಿಟ್ಟು ವಿವರಿಸುತ್ತಾ ಹೋದರು. ಇದು ಚೆಂಡುಹೂ ಕುಯ್ಯುವ ಕಾಲ. ಅಪ್ಪ ಅಮ್ಮ ಕೂಲಿಗೆ ಹೋದರೆ ತಮ್ಮನನ್ನು ಎತ್ತಿಕೊಂಡಿರಲು ಅಕ್ಕ ಮನೆಯಲ್ಲಿರಬೇಕು. ಇದು ರಾಗಿ ಕಾವಲು. ರಾತ್ರಿಯೆಲ್ಲ ಅಟ್ಟಣೆ ಮೇಲಿದ್ದ ಹುಡುಗ ಬೆಳಿಗ್ಗೆ ಏಳುವುದಿಲ್ಲ. ಇದು ಕೊಡಗಿನ ಕಾಫಿ ಕುಯ್ಲು. ಮನೆಗೆ ಮನೆಯೇ ಜೀಪು ಹತ್ತುತ್ತದೆ.

ಒಂದು ಊರಿನ ವರ್ಷ ಹೇಗೆ ಸಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಇನ್ನೊಂದು ಪುಸ್ತಕವನ್ನು ನಾನು ನೋಡಿಲ್ಲ.

ಶಾಲೆ ಇರುವುದು ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಕಡೆಯ ಕಾಡಂಚಿನಲ್ಲಿ. ಎರಡು ಕೋಣೆ, ಒಂದು ಅಡುಗೆ ಮನೆ, ಅಂಗಳದಲ್ಲೊಂದು ಹೊಂಗೆಮರ. ಮೇಷ್ಟ್ರು ತಮ್ಮ ಹೆಸರೂ ಶಾಲೆಯ ಹೆಸರೂ ಬೇಡವೆಂದರು, ಹಾಗೇ ಇರಲಿ. ನಮ್ಮ ಭೀಮನಬೀಡು, ಬೇರಂಬಾಡಿ, ಕನ್ನೇಗಾಲ ಎಲ್ಲ ಇದೇ ಸೀಮೆ. ಮಳೆಗಾಲದಲ್ಲಿ ನಮ್ಮ ಹೊಲಗಳು ಹಳದಿ, ಕಿತ್ತಳೆ ಬಣ್ಣ ತುಂಬಿಕೊಂಡಾಗ ಕೇರಳದ ಕಾರುಗಳು ಬದುವಿನ ಪಕ್ಕ ಸಾಲಾಗಿ ನಿಲ್ಲುತ್ತವೆ. ಬಂದವರು ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಆ ಬಣ್ಣದ ಆಚೆ ಕಾಡು ಶುರುವಾಗುತ್ತದೆ. ಕಾಡಿಗೂ ಹೊಲಕ್ಕೂ ನಡುವೆ ಆನೆ ಕಂದಕ, ಸೋಲಾರ್ ತಂತಿ ಬೇಲಿ, ಕೆಲವೆಡೆ ರೈಲು ಕಂಬಿಯ ಬೇಲಿ. ಈ ಗೆರೆಯ ಅಕ್ಕಪಕ್ಕದಲ್ಲೇ ಜೇನುಕುರುಬರ, ಬೆಟ್ಟಕುರುಬರ, ಸೋಲಿಗರ ಹಾಡಿ, ಕಾಲೋನಿಗಳಿವೆ. ಅಲ್ಲಿಗೆ ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುವ ಮೇಷ್ಟ್ರು, ಟೀಚರುಗಳ ಕೆಲಸವನ್ನು ಒಂದು ಕಸುಬೆಂದೇ ಕರೆಯಬೇಕೆಂದು ನನಗನ್ನಿಸುತ್ತದೆ. ಡಿ.ಎಡ್. ಪುಸ್ತಕದಲ್ಲಿ ಅದರ ಅರ್ಧದಷ್ಟೂ ಇಲ್ಲ.

ಮೊದಲನೆಯದು ದಾರಿ. ಮದ್ದೂರು ಗೇಟಿನಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಕೇರಳದ ಹೆದ್ದಾರಿ ಬಂದ್. ಹೆದ್ದಾರಿಗಾದರೆ ಗೇಟುಂಟು, ಕಾಲುದಾರಿಗೆ ಗೇಟಿಲ್ಲ. ಅಲ್ಲಿ ಹೊತ್ತು ಗೊತ್ತುಮಾಡುವುದು ಆನೆ. ಬೆಳಕು ಚೆನ್ನಾಗಿ ಹರಿಯುವ ಮುಂಚೆ ಮೇಷ್ಟ್ರು ಆ ದಾರಿ ಹಿಡಿಯುವುದಿಲ್ಲ, ಸಂಜೆ ನಾಲ್ಕೂವರೆ ದಾಟಿದರೆ ಗಾಡಿ ಸ್ಟಾರ್ಟ್ ಮಾಡಲು ಅವಸರಪಡುತ್ತಾರೆ. ಲದ್ದಿ ಕಂಡರೆ ಗಾಡಿ ನಿಲ್ಲಿಸಿ ನೋಡುತ್ತಾರೆ. ಮೇಲೆ ಒಣಗಿ ಬಿರುಕು ಬಿಟ್ಟಿದ್ದರೆ ಹೋಗಬಹುದು. ಹಸಿಯಾಗಿದ್ದು ಹಬೆಯಾಡುತ್ತಿದ್ದರೆ ಎಂಜಿನ್ ಆರಿಸಿ ಕಿವಿಗೊಟ್ಟು ನಿಲ್ಲಬೇಕು. ಬಿದಿರು ಮುರಿಯುವ ಸದ್ದು ಕೇಳಿಸಿದರೆ ಆನೆ ಮೇಯುತ್ತಿದೆ, ಅದರ ಮನಸ್ಸು ಹೊಟ್ಟೆಯ ಮೇಲಿದೆ ಎಂದರ್ಥ. ಸದ್ದು ಥಟ್ಟನೆ ನಿಂತರೆ ಅದು ನಿಮ್ಮ ಸುಳಿವು ಹಿಡಿದು ಆಲಿಸುತ್ತಿದೆ. ಆಗ ಗಾಡಿ ತಿರುಗಿಸಿ ಬಂದ ದಾರಿಗೆ ಮರಳುವುದೇ ಸರಿ. ಇದನ್ನೆಲ್ಲ ಅವರಿಗೆ ಕಲಿಸಿಕೊಟ್ಟವರು ನಾಲ್ಕನೇ ತರಗತಿ ಮಕ್ಕಳು.

ಆನೆಯದೊಂದೇ ಅಲ್ಲ. 2019ರಲ್ಲಿ ಚೌಡಹಳ್ಳಿ, ಹುಂಡೀಪುರದಲ್ಲಿ ಹುಲಿ ಇಬ್ಬರನ್ನು ಕೊಂದಿತು. ಆ ಅಕ್ಟೋಬರಿನಲ್ಲಿ ಅದನ್ನು ಹಿಡಿಯುವವರೆಗೆ ಹುಲ್ಲಿಗೆ ಹೋಗುವವರೂ ಗುಂಪುಕಟ್ಟಿಕೊಂಡೇ ಹೋಗುತ್ತಿದ್ದರು. ಅದೇ ವರ್ಷ ಫೆಬ್ರುವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದು ಸಾವಿರಾರು ಎಕರೆ ಸುಟ್ಟಿತ್ತು, ಗೋಪಾಲಸ್ವಾಮಿ ಬೆಟ್ಟದ ಸುತ್ತ ಹೊಗೆಯೋ ಹೊಗೆ. ಹಾಡಿಯ ಗಂಡಸರಲ್ಲಿ ಎಷ್ಟೋ ಮಂದಿ ಬೇಸಗೆಯಲ್ಲಿ ಬೆಂಕಿ ಕಾವಲಿಗೆ ಹೋಗುವವರು. ಅಪ್ಪ ಎಲ್ಲಿ ಎಂದು ಕೇಳಿದರೆ ಮಕ್ಕಳು ಬೆಟ್ಟದ ಕಡೆ ಕೈ ತೋರಿಸುತ್ತಾರೆ.

ಎರಡನೆಯದು ಕರೆತರುವ ಕೆಲಸ. ಶಾಲೆಯ ಗಂಟೆ ಬಾರಿಸಿದರೆ ಮಕ್ಕಳು ಬರುತ್ತಾರೆ ಎಂಬುದು ಪೇಟೆಯ ಮಾತು. ಇಲ್ಲಿ ಮೇಷ್ಟ್ರು ಮೊದಲು ಹಾಡಿಯ ಒಂದು ಸುತ್ತು ಬರಬೇಕು. ನಾನೂ ಜೊತೆಗೆ ಹೋದೆ. ಒಂದು ಮನೆಯ ಮುಂದೆ ಅಜ್ಜಿ ಬಿಸಿಲು ಕಾಯಿಸುತ್ತಾ ಕೂತಿದ್ದರು. "ಅಜ್ಜಿ, ಮಗೀನ ಕಳ್ಸಲ್ವಾ?" ಅಂದರು ಮೇಷ್ಟ್ರು. "ಅದ್ಕ ನೆನ್ನ ರಾತ್ರಿ ಜರ ಬಂದಿತ್ತು ಸಾ, ಮದ್ಯಾನಕ್ಕ ಕಳಿಸ್ತೀನಿ" ಅಂತ ಅಜ್ಜಿ. ಮೇಷ್ಟ್ರು ಒಳಗೆ ಹೋಗಿ ಹಣೆ ಮುಟ್ಟಿ ನೋಡಿ ಬಂದರು, ಆಶಾ ಕಾರ್ಯಕರ್ತೆಗೆ ಫೋನ್ ಮಾಡಲು ಸಿಗ್ನಲ್ ಸಿಗುವ ಬಂಡೆಯ ಹತ್ತಿರ ನಡೆದರು. ಮುಂದಿನ ಮನೆಯಲ್ಲಿ ಇಬ್ಬರು ಸಿಕ್ಕಿದರು. ಅದರ ಮುಂದಿನ ಮನೆಗೆ ಬೀಗ. ಹೀಗೆ ಹತ್ತು ಹನ್ನೆರಡು ಮಕ್ಕಳ ಸಾಲು ಕಟ್ಟಿಕೊಂಡು ಅವರು ಶಾಲೆಗೆ ಬರುವಾಗ ಒಲೆಯ ಮೇಲೆ ಹಾಲು ಕಾಯುತ್ತಿತ್ತು.

ಅಂದು ಪರಿಸರ ಅಧ್ಯಯನದ ಪಾಠ. ಮೇಷ್ಟ್ರು ಬೋರ್ಡಿನ ಮೇಲೆ ಆನೆ ಬರೆದರು, ತಕ್ಕಮಟ್ಟಿಗೆ ಚೆನ್ನಾಗಿಯೇ ಇತ್ತು. ಹಿಂದಿನಿಂದ ಒಬ್ಬ ಹುಡುಗ ಎದ್ದು ಬಂದ. ಸೀಮೆಸುಣ್ಣ ತೆಗೆದುಕೊಂಡು ಮುಂಗಾಲಿಗೆ ಐದು ಉಗುರು, ಹಿಂಗಾಲಿಗೆ ನಾಲ್ಕು ಉಗುರು ಹಾಕಿದ. ಕಣ್ಣಿಗೂ ಕಿವಿಗೂ ನಡುವೆ ಕೆಳಕ್ಕೆ ಇಳಿಯುವ ಒಂದು ಗೆರೆ ಎಳೆದು, "ಮದ ಬಂದಾಗ ಇಲ್ಲಿ ಎಣ್ಣೆ ಸುರೀತದ ಸಾ, ಆಗ ದೂರ ಇರ್ಬೇಕು" ಅಂದು ಹೋಗಿ ಕೂತ. ಮೇಷ್ಟ್ರು ಆ ಗೆರೆಯನ್ನು ಅಳಿಸಲಿಲ್ಲ. ಅದರ ಪಕ್ಕದಲ್ಲೇ 'ಮದ' ಎಂದು ದೊಡ್ಡದಾಗಿ ಬರೆದು, ಆವತ್ತು 'ಮ'ಕಾರದ ಪದಗಳನ್ನು ಅಲ್ಲಿಂದಲೇ ಶುರು ಮಾಡಿದರು.

ಒಂದರಿಂದ ಮೂರನೇ ತರಗತಿಯ ಮಕ್ಕಳು ಕೂರುವುದು ಪಕ್ಕದ ಕೋಣೆಯಲ್ಲಿ. ಅದು ನಲಿಕಲಿ ಕೋಣೆ. ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ ಕಾಗದದ ಹಕ್ಕಿ, ಹೂಗಳನ್ನು ನೇತುಹಾಕಿದ ಕಲಿಕಾ ಚಪ್ಪರ, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವ ಕಪ್ಪುಹಲಗೆ, ಒಂದು ಮೂಲೆಯಲ್ಲಿ ಕಾರ್ಡುಗಳ ತಟ್ಟೆ. ಕರ್ನಾಟಕದ ಯಾವ ಸರ್ಕಾರಿ ಶಾಲೆಗೆ ಹೋದರೂ ಇಂಥ ಕೋಣೆ ಕಾಣಸಿಗುತ್ತದೆ. ಆದರೆ ಇದು ಹುಟ್ಟಿದ್ದು ನಮ್ಮ ಪಕ್ಕದ ಕಾಡಿನ ತಾಲ್ಲೂಕಿನಲ್ಲಿ ಎಂಬುದು ನಮ್ಮಲ್ಲೇ ಅನೇಕರಿಗೆ ಮರೆತಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋದರು. ಅಲ್ಲಿ ಪದ್ಮನಾಭ ರಾವ್, ರಮಾ ದಂಪತಿ ಸುತ್ತಲಿನ ಬಡ ಹಳ್ಳಿಗಳಿಗಾಗಿ ಏಕೋಪಾಧ್ಯಾಯ ಶಾಲೆಗಳನ್ನು ಕಟ್ಟಿದ್ದರು. ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮೆಟ್ಟಿಲಿಗೂ ಕಾರ್ಡು ಮಾಡಿ, ಯಾವ ಮಗು ಎಲ್ಲಿದೆಯೋ ಅಲ್ಲಿಂದ ಹತ್ತುವಂತೆ ಏಣಿ ಜೋಡಿಸಿದ್ದರು. ಕೋಟೆಯ ಮೇಷ್ಟ್ರುಗಳು ಅದನ್ನು ಕಂಡು ಬಂದು ತಮ್ಮ ಮಕ್ಕಳಿಗೆ ತಕ್ಕ ಕಾರ್ಡು, ಹಾಡು, ಆಟಗಳನ್ನು ತಾವೇ ಮಾಡಿಕೊಂಡರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು.

ಈ ಏಣಿ ಕಾಡಂಚಿಗೆ ಎಷ್ಟು ಬೇಕಾದದ್ದೆಂದು ನನಗೆ ಮನವರಿಕೆಯಾದದ್ದು ಆ ಕೆಂಪು ಶಾಯಿಯ ಪುಟಗಳನ್ನು ನೋಡಿದ ಮೇಲೆ. ಎಲ್ಲರಿಗೂ ಒಟ್ಟಿಗೆ ಪಾಠ ಹೇಳುವ ತರಗತಿಯಲ್ಲಿ ಎರಡು ತಿಂಗಳು ಕಾಫಿ ತೋಟದಲ್ಲಿದ್ದು ಬಂದ ಮಗು ಹಿಂದಿನ ಬೆಂಚಿನಲ್ಲಿ ಕೂತು ಏನೂ ಅರ್ಥವಾಗದೆ ಬಾಗಿಲು ನೋಡುತ್ತದೆ. ಮೂರನೇ ದಿನ ಬರುವುದಿಲ್ಲ. ನಲಿಕಲಿಯಲ್ಲಿ ಆ ಮಗು ಹೋಗುವಾಗ ಇಪ್ಪತ್ತನೇ ಮೆಟ್ಟಿಲಿನಲ್ಲಿದ್ದರೆ, ಬಂದ ಮೇಲೂ ಇಪ್ಪತ್ತನೇ ಮೆಟ್ಟಿಲೇ. ತರಗತಿ ಅದನ್ನು ಬಿಟ್ಟು ಮುಂದೆ ಹೋಗಿರುವುದಿಲ್ಲ. ಈ ಪದ್ಧತಿಯಲ್ಲಿ ದಾಖಲೆ ಬರೆಯುವ ಹೊರೆ ಹೆಚ್ಚು, ಕಾರ್ಡು ಹರಿದರೆ ಹೊಸದು ಬರಲು ತಡ ಎಂದು ದೂರುವ ಮೇಷ್ಟ್ರುಗಳಿದ್ದಾರೆ. ಪೇಟೆಯ ಪೋಷಕರಿಗೆ ಪಠ್ಯಪುಸ್ತಕವಿಲ್ಲದ ಓದು ಓದೇ ಅಲ್ಲ. ಅವರ ದೂರಿನಲ್ಲಿ ಸತ್ಯವಿರಬಹುದು. ಹಾಡಿಯ ಶಾಲೆಯ ಮಟ್ಟಿಗೆ ನಾನು ಏಣಿಯ ಪರ.

ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಈ ಕಸುಬಿಗೆ ಇನ್ನೊಂದು ದೊಡ್ಡ ನಿದರ್ಶನವಿದೆ. 1974ರಲ್ಲಿ ಬೆಟ್ಟವನ್ನು ವನ್ಯಧಾಮವೆಂದು ಸಾರಿದ ಮೇಲೆ ಸೋಲಿಗರ ಹಳೆಯ ಬೇಸಾಯ ನಿಂತಿತು, ಕಾಡಿನೊಳಗೆ ಜಾಗ ಬದಲಿಸುತ್ತಿದ್ದ ಪೋಡುಗಳು ಒಂದೊಂದು ಕಡೆ ನೆಲೆನಿಂತವು. ಆ ಹೊತ್ತಿಗೆ ಬೆಂಗಳೂರಿನಲ್ಲಿ ವೈದ್ಯ ಓದಿದ್ದ ಡಾ. ಎಚ್. ಸುದರ್ಶನ್ ಬೆಟ್ಟಕ್ಕೆ ಬಂದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು. ಔಷಧದ ಜೊತೆಗೆ ಶಾಲೆಯನ್ನೂ ಕಟ್ಟಿದ್ದು ಅವರ ದೂರದೃಷ್ಟಿ. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿಗಿಂತ ನನಗೆ ದೊಡ್ಡದಾಗಿ ಕಾಣುವುದು ಓದು ಬಂದ ಸೋಲಿಗರ ಮೊದಲ ತಲೆಮಾರು ಆ ಓದನ್ನು ಏನು ಮಾಡಿತು ಎಂಬುದು. ಬೆಟ್ಟದ ರಂಗನಾಥ ತಮ್ಮ ಹುಡುಗಿ ಕುಸುಮಾಲೆಯನ್ನು ಮದುವೆಯಾದವನೆಂದು ದೇವರನ್ನು ಭಾವ ಎಂದು ಕರೆಯುವ ಜನ ಇವರು. ಯಾವ ಕಲ್ಲು ಯಾವ ಕುಲದ್ದು, ಯಾವ ಹಳ್ಳದಲ್ಲಿ ಯಾವ ದೇವರು ಎಂಬುದೆಲ್ಲ ಹಿರಿಯರ ಬಾಯಲ್ಲಿತ್ತು. ಅರಣ್ಯ ಹಕ್ಕು ಕಾಯ್ದೆ ಬಂದಾಗ ಓದಿದ ಮಕ್ಕಳು ಹಿರಿಯರನ್ನು ಮುಂದಿಟ್ಟುಕೊಂಡು ಕಾಡು ಸುತ್ತಿ ಆ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿದರು, ಅರ್ಜಿ ಬರೆದರು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಈ ಕೆಲಸದಲ್ಲಿ ಮುಂದೆ ನಿಂತವರಲ್ಲಿ ಒಬ್ಬರಾದ ಸಿ. ಮಾದೇಗೌಡರು ಸೋಲಿಗರಲ್ಲಿ ಪಿಎಚ್.ಡಿ. ಪಡೆದವರು.

ಬೆಟ್ಟದ ಪೋಡುಗಳಲ್ಲಿ ಕೆಂಪು ಶಾಯಿಯ ತಿಂಗಳುಗಳೇ ಬೇರೆ. ಏಪ್ರಿಲ್‌ನಿಂದ ಜೂನ್‌ವರೆಗೆ ಹೆಜ್ಜೇನಿನ ಕಾಲ, ಚಳಿಗಾಲದಲ್ಲಿ ನೆಲ್ಲಿಕಾಯಿ. ಶಾಲೆ ತೆರೆದ ಮೊದಲ ವಾರಗಳಲ್ಲಿ ಹುಡುಗ ಕಾಣದಿದ್ದರೆ, ಜೇನಿಗೆ ಹೋದ ಅಪ್ಪನ ಜೊತೆ ಹೊಗೆ ಹಾಕುವ ಸೊಪ್ಪಿನ ಸೂಡಿ ಕಟ್ಟುವುದನ್ನು ಕಲಿಯುತ್ತಿದ್ದಾನೆ ಎಂದು ತಿಳಿಯಬೇಕು. ಅದನ್ನು ಬರಿಯ ಗೈರುಹಾಜರಿ ಎಂದು ಬರೆದು ಮುಗಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಲೋಕದ ಇನ್ನೊಂದು ತುದಿಯಲ್ಲಿ, ಅಲಾಸ್ಕಾದ ಹಿಮದ ಹಳ್ಳಿಗಳಲ್ಲಿ ಮೇಷ್ಟ್ರುಗಳ ಪಾಡು ಇದಕ್ಕೆ ತೀರ ಹತ್ತಿರ. ಅಲ್ಲಿ ಎಷ್ಟೋ ಊರುಗಳಿಗೆ ರಸ್ತೆಯಿಲ್ಲ, ಮೇಷ್ಟ್ರು ಪುಟ್ಟ ವಿಮಾನದಲ್ಲಿ ಬಂದಿಳಿದರೆ ಚಳಿಗಾಲ ಪೂರ್ತಿ ಅಲ್ಲೇ. ನಮಗೆ ಆನೆ, ಅವರಿಗೆ ಕರಡಿ. ನಮಗೆ ಜೇನು, ಅವರಿಗೆ ಮೀನು ಮತ್ತು ಸೀಲ್. ಕೆಲವು ಶಾಲೆಗಳು ಬೇಟೆಯ ಕಾಲ ನೋಡಿಕೊಂಡೇ ರಜೆ ಹೊಂದಿಸಿಕೊಳ್ಳುತ್ತವೆ. ಒಂದು ಕಾಲದಲ್ಲಿ ಅಲ್ಲಿನ ಮೂಲನಿವಾಸಿ ಮಕ್ಕಳು ಹೈಸ್ಕೂಲು ಓದಬೇಕೆಂದರೆ ಮನೆ ಬಿಟ್ಟು ಸಾವಿರಾರು ಕಿಲೊಮೀಟರ್ ದೂರದ ವಸತಿ ಶಾಲೆಗಳಿಗೆ ಹೋಗಬೇಕಿತ್ತು. ಎಮ್ಮೊನಾಕ್ ಎಂಬ ಹಳ್ಳಿಯ ಹುಡುಗಿ ಮೋಲಿ ಹೂಚ್ ಹೆಸರಿನಲ್ಲಿ 1972ರಲ್ಲಿ ದಾವೆ ಹೂಡಿದರು. 1976ರಲ್ಲಿ ರಾಜಿಯಾಗಿ, ಮಕ್ಕಳಿರುವ 126 ಹಳ್ಳಿಗಳಲ್ಲೇ ಹೈಸ್ಕೂಲು ತೆರೆಯಲು ಸರ್ಕಾರ ಒಪ್ಪಿತು.

ಮಗು ಶಾಲೆಯ ಬಳಿಗೆ ಹೋಗಬೇಕೋ, ಶಾಲೆ ಮಗುವಿನ ಬಳಿಗೆ ಬರಬೇಕೋ ಎಂಬ ಈ ಪ್ರಶ್ನೆ ನಮ್ಮ ಜಿಲ್ಲೆಯಲ್ಲೂ ಇದೆ. ಗಿರಿಜನ ಮಕ್ಕಳಿಗಾಗಿ ಆಶ್ರಮ ಶಾಲೆಗಳಿವೆ. ಊಟ, ಬಟ್ಟೆ, ಹಾಸಿಗೆ ಅಲ್ಲೇ. ಅಪ್ಪ ಅಮ್ಮ ಕೊಡಗಿಗೆ ಹೋದಾಗ ಮಗುವಿಗೆ ಅದು ಆಸರೆ, ಅನುಮಾನವಿಲ್ಲ. ಆದರೆ ಆರು ವರ್ಷದ ಕೂಸು ರಾತ್ರಿ ಅಜ್ಜಿಯ ಪಕ್ಕದಲ್ಲಿ ಮಲಗಿ ಅವಳ ನುಡಿಯಲ್ಲಿ ಕತೆ ಕೇಳುವುದನ್ನು ಯಾವ ಆಶ್ರಮವೂ ಕೊಡಲಾರದು. ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಶಾಲೆ ಒಂದು ಕಿಲೊಮೀಟರ್ ಒಳಗಿರಬೇಕೆನ್ನುತ್ತದೆ. ಹತ್ತೇ ಮಕ್ಕಳಿದ್ದಾರೆಂದು ಹಾಡಿಯ ಶಾಲೆಯನ್ನು ದೊಡ್ಡ ಊರಿನ ಶಾಲೆಗೆ ಸೇರಿಸುವ ಮಾತು ಬಂದಾಗ, ಆ ಒಂದು ಕಿಲೊಮೀಟರಿನಲ್ಲಿ ಏನೇನು ಓಡಾಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಚಿಕ್ಕ ತರಗತಿಗಳು ಹಾಡಿಯಲ್ಲೇ ಇರಲಿ, ದೊಡ್ಡವರಾದ ಮೇಲೆ ಹಾಸ್ಟೆಲ್ಲು ಎಂಬುದು ನಾನು ಮಾತಾಡಿಸಿದ ತಾಯಂದಿರ ಆಸೆ. ನನ್ನದೂ ಅದೇ.

ಮಧ್ಯಾಹ್ನದ ಊಟ ಮುಗಿದು ಮಕ್ಕಳು ತಟ್ಟೆ ತೊಳೆಯುತ್ತಿದ್ದಾಗ ಹಾಡಿಯ ಕಡೆಯಿಂದ ಜೀಪಿನ ಸದ್ದು ಕೇಳಿಸಿತು. ಬೀಗ ಹಾಕಿದ್ದ ಮನೆಯವರು ವಾಪಸಾಗಿದ್ದರು. ಸ್ವಲ್ಪ ಹೊತ್ತಿಗೆ ಏಳೆಂಟು ವರ್ಷದ ಹುಡುಗಿಯೊಬ್ಬಳು ಎಣ್ಣೆ ಕಾಣದ ತಲೆ, ಅಳತೆಗೆ ದೊಡ್ಡದಾದ ಸ್ವೆಟರಿನಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಳಗೆ ಬರಲಿಲ್ಲ. ಮೇಷ್ಟ್ರು ಎಲ್ಲಿದ್ದೆ, ಎಷ್ಟು ದಿನ ಎಂದು ಯಾವುದನ್ನೂ ಕೇಳಲಿಲ್ಲ. "ಬಾವ್ವ, ಊಟ ಆಯ್ತಾ?" ಅಂದು ಎದ್ದು, ಮೂಲೆಯ ತಟ್ಟೆಯಲ್ಲಿ ಕಾರ್ಡುಗಳನ್ನು ಒಂದೊಂದಾಗಿ ಸರಿಸಿ ಹುಡುಕಿದರು. ಅಂಚು ಮಾಸಿದ ಒಂದು ಕಾರ್ಡು ತೆಗೆದು, ಚಾಪೆಯ ಮೇಲೆ ಅವಳು ಕೂರುತ್ತಿದ್ದ ಜಾಗದಲ್ಲಿಟ್ಟರು. ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಬಂದಳು.