ಒಂದೇ ಹೆಸರಿನ ಕ್ಲಾಸುಗಳು ಮತ್ತು ನೇಮ್‌ಸ್ಪೇಸ್ ವ್ಯವಸ್ಥೆ

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ ಹಿರೇಕೊಟ್ನೇಕಲ್ ಎಂಬ ಊರೂ ಚಿಕ್ಕಕೊಟ್ನೇಕಲ್ ಎಂಬ ಊರೂ ಉಂಟು. ಎರಡು ಊರುಗಳಿಗೆ ಒಂದೇ ಹೆಸರಾದಾಗ ಭೇದವನ್ನು ಸೂಚಿಸುವ ಮಾತೊಂದನ್ನು ಹೆಸರಿಗೇ ಸೇರಿಸಿ ತೊಡಕನ್ನು ನೀಗುವುದು ಒಂದು ಕ್ರಮ. ಹೆಸರನ್ನು ಇದ್ದಂತೆಯೇ ಬಿಟ್ಟು, ಅದು ಯಾವ ತಾಲ್ಲೂಕಿನದು, ಯಾವ ಜಿಲ್ಲೆಯದು ಎಂದು ವಿಳಾಸವನ್ನು ಹೇಳುವುದು ಇನ್ನೊಂದು ಕ್ರಮ. ಜಾಲತಾಣಗಳ ಹಿಂದೆ ಕೆಲಸ ಮಾಡುವ ಪ್ರೋಗ್ರಾಮುಗಳಲ್ಲಿ ಕ್ಲಾಸುಗಳ ಹೆಸರುಗಳು ಘರ್ಷಿಸಿದಾಗಲೂ ಈ ಎರಡು ಮಾರ್ಗಗಳೇ ಬಳಕೆಗೆ ಬಂದಿವೆ. ಪಿಎಚ್‌ಪಿ ಭಾಷೆಯನ್ನೂ ಅದರಲ್ಲಿ ರಚಿತವಾದ ಲಾರಾವೆಲ್ ಫ್ರೇಮ್‌ವರ್ಕನ್ನೂ ಆಧಾರವಾಗಿಟ್ಟುಕೊಂಡು ಇದನ್ನು ವಿವೇಚಿಸುತ್ತೇವೆ.

ಪ್ರೋಗ್ರಾಮೊಂದು ನಡೆಯುತ್ತಿರುವಾಗ ಒಂದೇ ಪೂರ್ಣನಾಮದ ಎರಡು ಕ್ಲಾಸುಗಳು ಪಿಎಚ್‌ಪಿಯಲ್ಲಿ ಇರಕೂಡದು. ಹಿಂದೆ ಜೆಂಡ್ ಫ್ರೇಮ್‌ವರ್ಕಿನ ಮೊದಲ ಆವೃತ್ತಿಯಲ್ಲಿ ‘ಜೆಂಡ್_ಕಂಟ್ರೋಲರ್_ಆ್ಯಕ್ಷನ್’ ಎಂಬಂತಹ ಉದ್ದುದ್ದ ಹೆಸರುಗಳಿದ್ದುವು. ಇದು ಹಿರೇ-ಚಿಕ್ಕ ಎಂಬ ಮಾರ್ಗವೇ. 2009ರಲ್ಲಿ ಹೊರಬಂದ ಪಿಎಚ್‌ಪಿ 5.3ನೆಯ ಆವೃತ್ತಿ ನೇಮ್‌ಸ್ಪೇಸನ್ನು, ಎಂದರೆ ಹೆಸರುಗಳಿಗೆ ಎಲ್ಲೆಯನ್ನು, ಭಾಷೆಯಲ್ಲಿಯೇ ಒದಗಿಸಿತು. ಎಲ್ಲೆಗಳನ್ನು ಹಿಂದಕ್ಕೆ ಬಾಗಿದ ಓರೆಗೆರೆಯಿಂದ ಬೇರ್ಪಡಿಸಿ ಬರೆಯಲಾಗುತ್ತದೆ.

ಲಾರಾವೆಲ್‌ನಲ್ಲಿ ‘ರಿಕ್ವೆಸ್ಟ್’ ಎಂಬ ಹೆಸರಿನ ಕ್ಲಾಸುಗಳು ಒಂದಕ್ಕಿಂತ ಹೆಚ್ಚಿವೆ: ‘ಇಲ್ಯುಮಿನೇಟ್\ಎಚ್‌ಟಿಟಿಪಿ\ರಿಕ್ವೆಸ್ಟ್’ ಒಂದು, ‘ಇಲ್ಯುಮಿನೇಟ್\ಸಪೋರ್ಟ್\ಫಸಾಡ್ಸ್\ರಿಕ್ವೆಸ್ಟ್’ ಇನ್ನೊಂದು. ಎರಡನ್ನೂ ಒಂದೇ ಕಡತಕ್ಕೆ ‘ಯೂಸ್’ ಎಂಬ ಪದದಿಂದ ಕರೆತಂದರೆ, ಆ ಹೆಸರು ಈಗಾಗಲೇ ಬಳಕೆಯಲ್ಲಿದೆ ಎಂದು ಪ್ರೋಗ್ರಾಮು ನಿಂತುಬಿಡುತ್ತದೆ. ಒಂದಕ್ಕೆ ‘ಆ್ಯಸ್’ ಎಂಬ ಪದದೊಡನೆ ಉಪನಾಮವನ್ನು ಕೊಟ್ಟರೆ ತೊಡಕು ನೀಗುತ್ತದೆ. ಆ ಉಪನಾಮ ಆ ಕಡತಕ್ಕೆ ಮಾತ್ರ ಸೀಮಿತವಾದುದು. ‘ರಿಕ್ವೆಸ್ಟ್2’ ಎಂದು ಇಡುವವರುಂಟು. ಕ್ಲಾಸಿನ ಮೂಲಸ್ಥಾನವನ್ನು ತಿಳಿಸದ ಇಂತಹ ಉಪನಾಮ ನಮಗೆ ಸಮ್ಮತವಲ್ಲ.

ಇಷ್ಟರವರೆಗಿನದು ತಾನಾಗಿಯೇ ಎದ್ದು ಕಾಣುವ ದೋಷ; ಕಂಡ ಮೇಲೆ ತಿದ್ದಬಹುದು. ಕಾಣದ ದೋಷ ಇದಕ್ಕಿಂತ ಕೇಡಿನದು. ವಿದ್ಯಾರ್ಥಿನಿಲಯದ ಪ್ರವೇಶವನ್ನು ನಿರ್ವಹಿಸುವ ಪ್ರೋಗ್ರಾಮೊಂದನ್ನು ಊಹಿಸಿಕೊಳ್ಳೋಣ. ಅದು ಮೊದಲು ಒಂದು ಸ್ಥಾನವನ್ನು ‘ಭರ್ತಿ’ ಎಂದು ಗುರುತಿಸಿ, ಅನಂತರ ವಿದ್ಯಾರ್ಥಿಯ ದಾಖಲೆಯನ್ನು ಬರೆಯುತ್ತದೆ. ಎರಡನೆಯ ಹೆಜ್ಜೆ ತಪ್ಪಿದರೆ ಸ್ಥಾನವನ್ನು ಮತ್ತೆ ತೆರವು ಮಾಡಬೇಕೆಂದು ‘ಕ್ಯಾಚ್’ ಭಾಗದಲ್ಲಿ ‘ಎಕ್ಸೆಪ್ಶನ್’ ಎಂಬ ಕ್ಲಾಸನ್ನು ಹೆಸರಿಸಲಾಗಿದೆ. ಆದರೆ ಕಡತವು ‘ಆ್ಯಪ್\ಎಚ್‌ಟಿಟಿಪಿ\ಕಂಟ್ರೋಲರ್ಸ್’ ಎಂಬ ನೇಮ್‌ಸ್ಪೇಸಿಗೆ ಸೇರಿರುವುದರಿಂದ, ಬರಿಯ ‘ಎಕ್ಸೆಪ್ಶನ್’ ಎಂದರೆ ಆ ನೇಮ್‌ಸ್ಪೇಸಿನೊಳಗಣ ‘ಎಕ್ಸೆಪ್ಶನ್’ ಎಂದೇ ಅರ್ಥ. ಅಲ್ಲಿ ಅಂತಹ ಕ್ಲಾಸೇ ಇಲ್ಲ. ವಿಚಿತ್ರವೆಂದರೆ, ಇಲ್ಲದ ಕ್ಲಾಸನ್ನು ‘ಕ್ಯಾಚ್’ನಲ್ಲಿ ಹೆಸರಿಸಿದ್ದಕ್ಕೆ ಪಿಎಚ್‌ಪಿ ಆಕ್ಷೇಪವನ್ನೇ ಎತ್ತುವುದಿಲ್ಲ. ದೋಷವು ಆ ಬಾಗಿಲನ್ನು ದಾಟಿ ಹೊರಟುಹೋಗುತ್ತದೆ, ತೆರವು ಮಾಡುವ ಸಾಲುಗಳು ನಡೆಯುವುದೇ ಇಲ್ಲ. ಯಾರೂ ವಾಸಿಸದ ಕೊಠಡಿ ಭರ್ತಿಯಾಗಿಯೇ ಉಳಿಯುತ್ತದೆ. ದೂರದ ಹಳ್ಳಿಯಿಂದ ಬಂದ ಹುಡುಗಿಯೊಬ್ಬಳಿಗೆ ಸ್ಥಾನವಿಲ್ಲವೆಂಬ ಉತ್ತರ ದೊರೆಯುತ್ತದೆ. ಎಲ್ಲವೂ ಸುಸೂತ್ರವಾಗಿ ನಡೆಯುವ ದಿನಗಳಲ್ಲಿ ‘ಕ್ಯಾಚ್’ಗೆ ಕೆಲಸವೇ ಇಲ್ಲವಾದುದರಿಂದ ಪರೀಕ್ಷೆಯ ವೇಳೆ ಇದು ಬಯಲಾಗುವುದೂ ಅಪರೂಪ.

ವಿದ್ಯಾರ್ಥಿಗಳು ಇಲ್ಲಿ ಎಡವುವುದಕ್ಕೆ ಕಾರಣವಿದೆ. ‘ಸ್ಟ್ರ್‌ಲೆನ್’ನಂತಹ ಫಂಕ್ಷನ್ನು ನೇಮ್‌ಸ್ಪೇಸಿನೊಳಗೆ ಸಿಗದಿದ್ದರೆ ಪಿಎಚ್‌ಪಿ ಹೊರಗಿನ ಸಾರ್ವತ್ರಿಕ ಫಂಕ್ಷನ್ನನ್ನು ತಾನೇ ಹುಡುಕಿಕೊಳ್ಳುತ್ತದೆ, ಕ್ಲಾಸುಗಳಿಗೆ ಈ ಸೌಕರ್ಯವಿಲ್ಲ. ಆದುದರಿಂದ ಹೆಸರಿನ ಮೊದಲಿಗೆ ಓರೆಗೆರೆಯನ್ನಿಟ್ಟು ‘\ಎಕ್ಸೆಪ್ಶನ್’ ಎಂದು ಬರೆಯಬೇಕು, ಇಲ್ಲವೇ ಕಡತದ ತಲೆಯಲ್ಲಿ ‘ಯೂಸ್’ ಸಾಲನ್ನು ಸೇರಿಸಬೇಕು. ಪಿಎಚ್‌ಪಿಸ್ಟ್ಯಾನ್‌ನಂತಹ ಪರಿಶೀಲನಾ ಸಾಧನಗಳು ಇಂತಹ ಇಲ್ಲದ ಹೆಸರನ್ನು ಪ್ರೋಗ್ರಾಮು ನಡೆಯುವ ಮೊದಲೇ ತೋರಿಸಿಕೊಡುತ್ತವೆ.

ಇನ್ನು ಹೆಸರು ಉಳಿದು ವಿಳಾಸ ಮಾತ್ರ ಬದಲಾಗುವ ಸಂದರ್ಭ. ಮಲ್ಲಟ ಗ್ರಾಮ ಮಾನ್ವಿ ತಾಲ್ಲೂಕಿನಲ್ಲಿತ್ತು. 2017ರ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಸಿರವಾರ ತಾಲ್ಲೂಕು ರಚನೆಯಾದ ಮೇಲೆ ಅದಕ್ಕೆ ಸೇರಿತು. ಊರು ಕದಲಲಿಲ್ಲ, ಹಳೆಯ ಕಾಗದಗಳಲ್ಲಿ ಮಾನ್ವಿ ಎಂದೇ ಇದೆ. ಅಂತೆಯೇ 2020ರ ಲಾರಾವೆಲ್ 8ರಲ್ಲಿ ಹೊಸ ಯೋಜನೆಗಳ ‘ಆ್ಯಪ್\ಯೂಸರ್’ ಕ್ಲಾಸು ‘ಆ್ಯಪ್\ಮಾಡೆಲ್ಸ್\ಯೂಸರ್’ ಆಯಿತು. ಹಳೆಯ ವಿಳಾಸವನ್ನು ನಂಬಿದ್ದ ಕಡತಗಳನ್ನೆಲ್ಲ ಹುಡುಕಿ ತಿದ್ದುವುದೇ ಸರಿಯಾದ ದಾರಿ. ತಿದ್ದುವಷ್ಟು ಕಾಲ ಹಳೆಯ ವಿಳಾಸವೂ ಸಲ್ಲುವಂತೆ ‘ಕ್ಲಾಸ್_ಅಲಿಯಾಸ್’ ಎಂಬ ಫಂಕ್ಷನ್ನಿನಿಂದ ಏರ್ಪಾಡು ಮಾಡಬಹುದು. ಆದರೆ ಅದನ್ನು ತೆಗೆಯುವ ದಿನಾಂಕವನ್ನು ಆಗಲೇ ಬರೆದಿಡುವುದು ಲೇಸು.