ಉಣುಗಿಗೊಂದು ಚುಚ್ಚುಮದ್ದು

ಮಂಗನ ಕಾಯಿಲೆಗೆ ಲಸಿಕೆ ಹಾಕಿಸಿಕೊಳ್ಳಬೇಕಿದ್ದದ್ದು ಮಳೆಗಾಲದಲ್ಲಿ. ಜ್ವರ ಬರುವುದೋ ಡಿಸೆಂಬರಿನಿಂದ ಮೇ ತಿಂಗಳ ತನಕ. ಕಾಯಿಲೆಯ ಸುದ್ದಿಯೇ ಇಲ್ಲದ ಜುಲೈ–ಆಗಸ್ಟ್‌ನಲ್ಲಿ, ಗದ್ದೆ ನಾಟಿಯನ್ನೂ ಅಡಿಕೆಗೆ ಕೊಳೆಮದ್ದು ಹೊಡೆಯುವುದನ್ನೂ ಬಿಟ್ಟು ಬಂದು ತೋಳು ಒಡ್ಡಬೇಕಿತ್ತು. ಚುಚ್ಚಿದ ಜಾಗದಲ್ಲಿ ಉರಿ, ಊತ. ತಿಂಗಳು ಬಿಟ್ಟು ಎರಡನೆಯದು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದು. ಮಲೆನಾಡಿನವರು ಲಸಿಕೆಗೆ ಬರುತ್ತಿರಲಿಲ್ಲ ಎಂದು ದೂರುವವರು ಈ ವೇಳಾಪಟ್ಟಿಯನ್ನೊಮ್ಮೆ ಓದಿ ನೋಡಬೇಕು.

1957ರಲ್ಲಿ ಸಾಗರ–ಸೊರಬ ಸೀಮೆಯ ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸಾಲಾಗಿ ಸತ್ತವು. ಹಿಂದೆಯೇ ಜನರಿಗೆ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಮಂಗ ಸಾಯುತ್ತಿದೆ ಎಂದೊಡನೆ ವಿಜ್ಞಾನಿಗಳ ತಲೆಗೆ ಬಂದದ್ದು ದಕ್ಷಿಣ ಅಮೆರಿಕದಲ್ಲಿ ಸೊಳ್ಳೆ ಹರಡುವ ಹಳದಿ ಜ್ವರ. ಅದು ಏಷ್ಯಾಕ್ಕೆ ಕಾಲಿಟ್ಟಿತೇ ಎಂಬ ಗಾಬರಿಯಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ಇಲ್ಲಿಗೆ ಧಾವಿಸಿದರು. ಸಿಕ್ಕಿದ್ದು ಹಳದಿ ಜ್ವರವಲ್ಲ, ಸೊಳ್ಳೆಯ ಕೆಲಸವೂ ಅಲ್ಲ. ಹರಡುತ್ತಿದ್ದುದು ಉಣುಗು. ವೈರಸ್ಸು ಲೋಕಕ್ಕೇ ಹೊಸದು. ಅಲ್ಲಿಯ ಕ್ಯಾಸನೂರು ಕಾಡಿನ ಹೆಸರೇ ಅದಕ್ಕೆ ಅಂಟಿತು. ಅದರ ಹತ್ತಿರದ ನೆಂಟರಿದ್ದದ್ದು ರಷ್ಯಾದ ಕಾಡುಗಳಲ್ಲಿ, ಅಲ್ಲಿನ ಉಣುಗುಗಳು ಹರಡುವ ಮೆದುಳುಜ್ವರದ ವೈರಸ್ಸು.

ನೆಂಟಸ್ತಿಕೆ ಇದೆಯೆಂದು ಆ ರಷ್ಯನ್ ಜ್ವರದ ಲಸಿಕೆಯನ್ನೇ ತರಿಸಿ ಇಲ್ಲಿಯ ಜನರಿಗೆ ಚುಚ್ಚಿ ನೋಡಿದರು. ಇಲಿಮರಿಗಳ ಮೆದುಳಿನಲ್ಲಿ ವೈರಸ್ ಬೆಳೆಸಿ ಕೊಂದು ಮಾಡಿದ ಲಸಿಕೆ ಅದು. ರಕ್ಷಣೆ ಸಿಗಲಿಲ್ಲ. ಕ್ಯಾಸನೂರಿಗೆ ಕ್ಯಾಸನೂರಿನದೇ ವೈರಸ್ಸಿನಿಂದ ಲಸಿಕೆ ಆಗಬೇಕಾಯಿತು.

1960ರ ದಶಕದಲ್ಲಿ ಪುಣೆಯಲ್ಲಿ ಅದು ತಯಾರಾದ ಬಗೆ ಕೇಳುವಂಥದ್ದು. ಮರಿ ಬೆಳೆಯುತ್ತಿರುವ ಕೋಳಿಮೊಟ್ಟೆಯೊಳಗಿನ ಭ್ರೂಣ ತೆಗೆದು, ಸಣ್ಣಗೆ ಹೆಚ್ಚಿ, ಅದರ ಜೀವಕೋಶಗಳನ್ನು ಬಿಡಿಸಿ ಗಾಜಿನ ಬಾಟಲಿಯಲ್ಲಿ ಪೋಷಕ ದ್ರವದಲ್ಲಿ ಬೆಳೆಸಬೇಕು. ಕೋಶಗಳು ಗಾಜಿಗೆ ಹಾಸಿಕೊಂಡಂತೆ ಹಬ್ಬಿದಾಗ ವೈರಸ್ ಬಿಡಬೇಕು. ಅದು ಬೇಕಾದಷ್ಟು ಹೆಚ್ಚಿದ ಮೇಲೆ ದ್ರವ ತೆಗೆದು ಫಾರ್ಮಾಲಿನ್ ಹಾಕಿ ಕೊಲ್ಲಬೇಕು. ನಿಜಕ್ಕೂ ಸತ್ತಿದೆಯೇ? ಹೇಳಬೇಕಾದದ್ದು ಇಲಿಮರಿಗಳು, ಚುಚ್ಚಿದ ಮೇಲೂ ಅವು ಬದುಕಿದರೆ ಸತ್ತಿದೆ ಎಂದರ್ಥ. ಸತ್ತ ಮಾತ್ರಕ್ಕೆ ಸಾಲದು, ದೇಹಕ್ಕೆ ಗುರುತು ಸಿಗುವಷ್ಟಾದರೂ ವೈರಸ್ಸಿನ ರೂಪ ಉಳಿದಿರಬೇಕು. ಫಾರ್ಮಾಲಿನ್ ಹೆಚ್ಚಾದರೆ ರೂಪ ಕೆಡುತ್ತದೆ, ಕಡಿಮೆಯಾದರೆ ಲಸಿಕೆಯೇ ರೋಗ. ಜೀವಂತ ವೈರಸ್ಸಿನೊಂದಿಗೆ ಏಗುವ ಈ ಕೆಲಸದಲ್ಲಿ ಪ್ರಯೋಗಾಲಯದವರಿಗೇ ಸೋಂಕು ತಗುಲಿದ್ದೂ ಉಂಟು. ಕಾಡಿಗೆ ಹೋಗದೆಯೂ ಮಂಗನ ಕಾಯಿಲೆ ಅನುಭವಿಸಿದವರು ಅವರು!

1990–92ರ ಕ್ಷೇತ್ರ ಪರೀಕ್ಷೆಯಲ್ಲಿ ಒಂದು ಡೋಸಿಗೆ ಶೇ 79.3, ಎರಡು ಡೋಸಿಗೆ ಶೇ 93.5 ರಕ್ಷಣೆ ಕಂಡುಬಂತು. ಚೆನ್ನಾದ ಅಂಕಿಯೇ. ಆದರೆ 2005ರಿಂದ 2010ರ ದಾಖಲೆಗಳನ್ನು ಹಿಡಿದು ಲೆಕ್ಕ ಹಾಕಿದಾಗ ಎರಡು ಡೋಸಿನ ಫಲ ಶೇ 62.4ಕ್ಕೆ ಇಳಿದಿತ್ತು; ಬೂಸ್ಟರನ್ನೂ ಹಾಕಿಸಿಕೊಂಡವರಲ್ಲಿ ಶೇ 82.9. ಒಂದೇ ಡೋಸಿಗೆ ನಿಲ್ಲಿಸಿದವರಿಗೆ ಹೇಳಿಕೊಳ್ಳುವಂಥ ಪ್ರಯೋಜನವೇ ಇರಲಿಲ್ಲ. ಅಷ್ಟರಲ್ಲಿ ಲಸಿಕೆ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು. ದನಕರುಗಳ ಲಸಿಕೆಗೆ ಹೆಸರಾದ ಆ ಸರ್ಕಾರಿ ಸಂಸ್ಥೆ ಮನುಷ್ಯರಿಗಾಗಿ ಈ ಕೆಲಸವನ್ನು ಹೊತ್ತಿತ್ತು. ಬೇರೆ ಯಾರಿಗೂ ಅದು ಬೇಕಿರಲಿಲ್ಲ ಎನ್ನುವುದೇ ನಿಜವಾದ ಕಾರಣವೆಂದು ನನಗನ್ನಿಸುತ್ತದೆ. ಕಾಯಿಲೆ ಮಾತ್ರ ಸಾಗರ–ಸೊರಬದಲ್ಲಿ ಕೂತಿರಲಿಲ್ಲ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯನ್ನು ಹಿಂಡಿತು. 2012ರಿಂದೀಚೆಗೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಕ್ಕೂ ಹಬ್ಬಿತು. 2019ರಲ್ಲಿ ಸಾಗರದ ಅರಳಗೋಡಿನ ಸುತ್ತ ಸಾವಿನ ಮೇಲೆ ಸಾವು.

ಲಸಿಕೆಗೂ ವಯಸ್ಸಾಗುತ್ತದೆ. ಅದರ ಬೀಜ ವೈರಸ್ಸು 1957ರಷ್ಟು ಹಳೆಯದು. ಬಾಟಲಿಗಳು ಸಾಮರ್ಥ್ಯ ಪರೀಕ್ಷೆಯಲ್ಲಿ ಸೋತವು, 2022ರಲ್ಲಿ ಲಸಿಕೆ ನೀಡುವುದೇ ನಿಂತುಹೋಯಿತು. ದರಕು, ಸೌದೆಗೆಂದು ಬೆಟ್ಟ ಹತ್ತುವವರಿಗೆ ಉಳಿದದ್ದು ಮೈಗೆ ಹಚ್ಚಿಕೊಳ್ಳುವ ಎಣ್ಣೆ ಮತ್ತು ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ.

ಇದರ ಪಕ್ಕದಲ್ಲಿ ಇನ್ನೊಂದು ವೈರಸ್ಸಿನ ಕತೆ ಇಟ್ಟು ನೋಡಬೇಕು. 1980ರ ದಶಕದ ಮೊದಲಲ್ಲಿ ಕೋಲಾರದ ರೋಗಿಯೊಬ್ಬರಿಂದ ಸೊಳ್ಳೆ ಹರಡುವ ಜಪಾನಿ ಮೆದುಳುಜ್ವರದ ವೈರಸ್ಸನ್ನು ಅದೇ ಪುಣೆಯ ಸಂಸ್ಥೆ ಬೇರ್ಪಡಿಸಿತು. ಆ ಕೋಲಾರ ತಳಿಯಿಂದ ಭಾರತ್ ಬಯೋಟೆಕ್ ತಯಾರಿಸಿದ 'ಜೆನ್‌ವ್ಯಾಕ್' 2013ರಲ್ಲಿ ಮಾರುಕಟ್ಟೆಗೆ ಬಂತು. ಎರಡೂ ನಮ್ಮ ನೆಲದ ವೈರಸ್ಸುಗಳೇ. ಆದರೆ ಮೆದುಳುಜ್ವರದ ಬಾಧೆ ಉತ್ತರಪ್ರದೇಶ, ಬಿಹಾರ, ಅಸ್ಸಾಮಿನವರೆಗೆ. ಲಸಿಕೆ ಕೊಳ್ಳುವ ಸರ್ಕಾರಗಳು ಹಲವು. ಮಂಗನ ಕಾಯಿಲೆ ವರ್ಷಕ್ಕೆ ಕೆಲವು ನೂರು ಜನರ ಪಾಡು, ಅವರೂ ಕಾಡಿನಂಚಿನ ಕೂಲಿಗಳು, ಸಣ್ಣ ಹಿಡುವಳಿದಾರರು. ವೈರಸ್ಸನ್ನು ಕಂಡುಹಿಡಿಯುವ ಜಾಣತನಕ್ಕೆ ನಮ್ಮಲ್ಲಿ ಎಂದೂ ಕೊರತೆಯಿರಲಿಲ್ಲ. ಕಂಡುಹಿಡಿದ ಲಸಿಕೆಯನ್ನು ದಶಕಗಟ್ಟಲೆ ಸಾಕುವ ಖರ್ಚು ಯಾರದು ಎಂಬಲ್ಲಿ ಎಲ್ಲ ಎಡವಿದೆ.

ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆಯೂ ಸೇರಿ ಹೊಸ ಲಸಿಕೆ ರೂಪಿಸುತ್ತಿವೆ. ಇದೂ ಕೊಂದ ವೈರಸ್ಸಿನದೇ. ಆದರೆ ರೋಗನಿರೋಧಕ ಪ್ರತಿಕ್ರಿಯೆಯನ್ನು ಹೆಚ್ಚಿಸುವ ಪೂರಕ ವಸ್ತು ಬೆರೆಸಿ ಎರಡೇ ಡೋಸಿಗೆ ಸಾಕಾಗುವಂತೆ ಮಾಡುವುದು ಗುರಿ. ನಿಜವಾದ ಪರೀಕ್ಷೆ ಮುಂದಿದೆ. ಒಂದು ವರ್ಷ ನೂರಾರು ಮಂದಿಗೆ, ಮರುವರ್ಷ ಬೆರಳೆಣಿಕೆಯಷ್ಟು ಜನರಿಗೆ ಬರುವ ಕಾಯಿಲೆ ಇದು, ಅದೂ ಯಾವ ಊರಿನಲ್ಲಿ ಏಳುತ್ತದೋ ಮೊದಲೇ ಹೇಳಲಾಗದು. ಲಸಿಕೆ ಕೆಲಸ ಮಾಡಿತೋ, ಆ ವರ್ಷ ಜ್ವರವೇ ಬರಲಿಲ್ಲವೋ ಎಂದು ಸಾಬೀತು ಮಾಡಲು ಎಷ್ಟು ಸಾವಿರ ಜನ, ಎಷ್ಟು ಬೇಸಿಗೆ ಬೇಕಾಗಬಹುದು? ಪ್ರಾಣಿಗಳ ಮೇಲಿನ ಫಲಿತಾಂಶಕ್ಕೂ ರಕ್ತದಲ್ಲಿ ಕಾಣುವ ಪ್ರತಿಕಾಯದ ಅಳತೆಗೂ ಎಷ್ಟು ಬೆಲೆ ಕೊಡಬೇಕೆಂಬುದನ್ನು ಔಷಧ ನಿಯಂತ್ರಕರು ತೀರ್ಮಾನಿಸಬೇಕಾಗುತ್ತದೆ.