'ನ ಹೆಲನನ್ ಅನ್ ಈಯರ್' ಎಂದರೇನು?

ಬ್ರಿಟನ್ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ಗೆ 650 ಕ್ಷೇತ್ರಗಳಿಂದ ಸದಸ್ಯರು ಆಯ್ಕೆಯಾಗುತ್ತಾರೆ. ಕ್ಷೇತ್ರಗಳ ಪಟ್ಟಿಯನ್ನು ಓದುತ್ತಾ ಹೋದರೆ ಹೆಚ್ಚಿನವು ಇಂಗ್ಲಿಷ್ ಪುಸ್ತಕಗಳಲ್ಲಿ ಕಂಡಂಥ ಊರುಗಳ ಹೆಸರುಗಳೇ. 'ಎನ್' ಅಕ್ಷರಕ್ಕೆ ಬಂದಾಗ ಮಾತ್ರ ನಾಲಿಗೆ ತಡವರಿಸುತ್ತದೆ. ಅಲ್ಲಿರುವ ಹೆಸರು 'ನ ಹೆಲನನ್ ಅನ್ ಈಯರ್'. ಇದು ಇಂಗ್ಲಿಷ್ ಅಲ್ಲ, ಸ್ಕಾಟ್ಲೆಂಡಿನ ಹಳೆಯ ಭಾಷೆಯಾದ ಗೇಲಿಕ್. ನಾನು ಬರೆದಿರುವುದು ಸುಮಾರಾದ ಉಚ್ಚಾರಣೆ ಅಷ್ಟೆ.

ಅರ್ಥ ಸರಳ. 'ನ' ಎಂದರೆ ಇಂಗ್ಲಿಷಿನ 'ದಿ'. 'ಏಲನ್' ಎಂದರೆ ದ್ವೀಪ, 'ಏಲನನ್' ಎಂದರೆ ದ್ವೀಪಗಳು. 'ಅನ್ ಈಯರ್' ಎಂದರೆ ಪಶ್ಚಿಮದ. ಒಟ್ಟಿನಲ್ಲಿ 'ಪಶ್ಚಿಮದ ದ್ವೀಪಗಳು'.

ಹಾಗಾದರೆ 'ಏಲನನ್' ಎಂಬುದು 'ಹೆಲನನ್' ಆದದ್ದು ಹೇಗೆ? ನಾವು ಹೈಸ್ಕೂಲಿನಲ್ಲಿ ಕಲಿತ ಆಗಮ ಸಂಧಿಯನ್ನು ನೆನಪಿಸಿಕೊಳ್ಳಿ. 'ಮನೆ' ಮತ್ತು 'ಅನ್ನು' ಸೇರುವಾಗ ಎರಡು ಸ್ವರಗಳ ನಡುವೆ 'ಯ'ಕಾರ ಬಂದು 'ಮನೆಯನ್ನು' ಆಗುತ್ತದೆ. ಗೇಲಿಕ್‌ನಲ್ಲಿ 'ನ' ಪದದ ಮುಂದೆ ಸ್ವರದಿಂದ ಆರಂಭವಾಗುವ ಬಹುವಚನ ಬಂದರೆ ನಡುವೆ 'ಹ'ಕಾರ ಬರುತ್ತದೆ. ಬರೆಯುವಾಗ ಅದನ್ನು ಸಣ್ಣ ಅಕ್ಷರದಲ್ಲಿ ಬರೆದು, ಒಂದು ಅಡ್ಡಗೆರೆ ಹಾಕಿ, ಆಮೇಲೆ ದೊಡ್ಡ 'ಇ' ಬರೆಯುತ್ತಾರೆ.

ಬಳಕೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. 'ನ' ಎಂದರೇ 'ದಿ' ಆಗಿರುವುದರಿಂದ ಇಂಗ್ಲಿಷಿನಲ್ಲಿ ಈ ಹೆಸರಿನ ಹಿಂದೆ ಮತ್ತೆ 'ದಿ' ಬೇಕಾಗಿಲ್ಲ. ನಾವೂ 'ಎಟಿಎಂ ಮಷೀನ್' ಎನ್ನುತ್ತೇವೆ, ಕೊನೆಯ 'ಎಂ' ಎಂದರೇ ಮಷೀನ್. 'ಶಬೇ ಬರಾತ್ ರಾತ್ರಿ' ಎನ್ನುತ್ತೇವೆ, 'ಶಬ್' ಎಂದರೇ ರಾತ್ರಿ. ಗೊತ್ತಿಲ್ಲದ ಭಾಷೆಯ ಪದವನ್ನು ನಾಲಿಗೆ ಹೀಗೆ ಎರಡು ಸಲ ಹೇಳಿಬಿಡುತ್ತದೆ.

ಈ ದ್ವೀಪಗಳು ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯಾಚೆ ಇವೆ. ಲೂಯಿಸ್, ಹ್ಯಾರಿಸ್, ನಾರ್ತ್ ಉಯಿಸ್ಟ್, ಬೆನ್ಬೆಕುಲಾ, ಸೌತ್ ಉಯಿಸ್ಟ್, ಬಾರ್ರಾ ಮುಖ್ಯವಾದವು. 1918ರಲ್ಲಿ ಕ್ಷೇತ್ರ ರಚನೆಯಾದಾಗ ಇಟ್ಟ ಹೆಸರು ಇಂಗ್ಲಿಷಿನ 'ವೆಸ್ಟರ್ನ್ ಐಲ್ಸ್'. 2005ರ ಚುನಾವಣೆಯಿಂದ ಗೇಲಿಕ್ ಹೆಸರೇ ಅಧಿಕೃತವಾಯಿತು. ವೇಲ್ಸ್‌ನಲ್ಲೂ ಇಂಥದ್ದೇ ನಡೆದಿತ್ತು. ಅಲ್ಲಿನ 'ಆಂಗಲ್ಸೀ' ಕ್ಷೇತ್ರಕ್ಕೆ 1983ರಿಂದ ವೆಲ್ಷ್ ಭಾಷೆಯ 'ಅನಿಸ್ ಮೋನ್' ಎಂಬ ಹೆಸರಿದೆ.

ವಾಣಿಜ್ಯ ವಿಭಾಗದವರಿಗೆ ಇದನ್ನು ಹೀಗೆ ಹೇಳಬಹುದು: ಕಂಪನಿಯ ನೋಂದಾಯಿತ ಹೆಸರು ಒಂದು, ಮಾರುಕಟ್ಟೆಯ ಹೆಸರು ಇನ್ನೊಂದು. ಸಂಸತ್ತಿಗೆ ಇದು 'ನ ಹೆಲನನ್ ಅನ್ ಈಯರ್'. ಪ್ರವಾಸಿಗರಿಗೂ ವ್ಯಾಪಾರಕ್ಕೂ 'ಔಟರ್ ಹೆಬ್ರಿಡೀಸ್'. 1993ರ ಹ್ಯಾರಿಸ್ ಟ್ವೀಡ್ ಕಾಯ್ದೆಯೂ ಈ ಎರಡನೆಯ ಹೆಸರನ್ನೇ ಬಳಸುತ್ತದೆ. ಆ ಕಾಯ್ದೆಯಂತೆ ದ್ವೀಪವಾಸಿಗಳು ತಮ್ಮ ಮನೆಗಳಲ್ಲಿ ಕೈಯಿಂದ ನೇಯ್ದ ಉಣ್ಣೆಬಟ್ಟೆಗೆ ಮಾತ್ರ ಹ್ಯಾರಿಸ್ ಟ್ವೀಡ್ ಎಂಬ ಹೆಸರು ಸಲ್ಲುತ್ತದೆ.

ಕ್ಷೇತ್ರದ ಮತದಾರರು ಸುಮಾರು 21,000 ಮಾತ್ರ. 2024ರ ಚುನಾವಣೆಗೆ ಮಾಡಿದ ಕ್ಷೇತ್ರ ವಿಂಗಡಣೆಯಲ್ಲಿ ಉಳಿದ ಕ್ಷೇತ್ರಗಳಿಗೆ 69,724ರಿಂದ 77,062 ಮತದಾರರು ಇರಬೇಕೆಂಬ ನಿಯಮವಿತ್ತು. ಸಮುದ್ರದ ನಡುವಿನ ಜನರನ್ನು ದೂರದ ಊರುಗಳ ಜೊತೆ ಸೇರಿಸುವುದು ಸರಿಯಲ್ಲವೆಂದು ಕಾನೂನೇ ಈ ದ್ವೀಪಗಳಿಗೂ ಇನ್ನು ಕೆಲವು ದ್ವೀಪ ಕ್ಷೇತ್ರಗಳಿಗೂ ವಿನಾಯಿತಿ ಕೊಟ್ಟಿದೆ.

ನಮ್ಮ ರಾಜ್ಯದಲ್ಲಿ ನಡೆದದ್ದು ಸ್ವಲ್ಪ ಬೇರೆ. 2014ರ ನವೆಂಬರ್ 1ರಂದು ಊರುಗಳ ಹೆಸರು ಬದಲಾಗಿ ಕಲಬುರಗಿ, ವಿಜಯಪುರ, ಬೆಳಗಾವಿ ಬಂದವು. ಚುನಾವಣಾ ಆಯೋಗದ ಇಂಗ್ಲಿಷ್ ಪಟ್ಟಿಯಲ್ಲಿ ಮಾತ್ರ ಲೋಕಸಭಾ ಕ್ಷೇತ್ರಗಳು ಇಂದಿಗೂ ಗುಲ್ಬರ್ಗಾ, ಬಿಜಾಪುರ, ಬೆಳಗಾಂ ಆಗಿಯೇ ಇವೆ. ಊರಿನ ಹೆಸರು ಬದಲಾದರೂ ಕ್ಷೇತ್ರದ ಹೆಸರು ತಾನಾಗಿ ಬದಲಾಗುವುದಿಲ್ಲ ಎಂಬುದಕ್ಕೆ ಇದೇ ಉದಾಹರಣೆ.

ಈಗ ಮುಖ್ಯ ಪ್ರಶ್ನೆ. ಹೆಸರು ಸಂಸತ್ತಿನ ಪಟ್ಟಿಗೆ ಏರಿದರೆ ಭಾಷೆ ಉಳಿಯುತ್ತದೆಯೇ? 2011ರ ಜನಗಣತಿಯಲ್ಲಿ ಈ ದ್ವೀಪಗಳ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಗೇಲಿಕ್ ಮಾತನಾಡುತ್ತಿದ್ದರು. 2022ರ ಹೊತ್ತಿಗೆ ಅದು ಅರ್ಧಕ್ಕಿಂತ ಕೆಳಗೆ ಇಳಿದಿದೆ. ಹೆಸರು ಗೇಲಿಕ್ ಆದ ಮೇಲೂ ಮಾತು ಕಡಿಮೆಯಾಗುತ್ತಲೇ ಹೋಯಿತು.

ಇದನ್ನು ಓದಿದಾಗ ನನಗೆ ನಮ್ಮ ಮನೆಯ ಲೆಕ್ಕ ಕಣ್ಣಮುಂದೆ ಬಂತು. ನಮ್ಮ ಮನೆಮಾತು ಉರ್ದು. ನಾನಿ ಉರ್ದು ಪತ್ರಿಕೆಯನ್ನು ಸರಾಗವಾಗಿ ಓದುತ್ತಾರೆ. ಅಮ್ಮಿ ನಿಧಾನವಾಗಿ ಓದುತ್ತಾರೆ. ನಾನು ಅಕ್ಷರ ಕೂಡಿಸಿ ಓದುತ್ತೇನೆ. ತಮ್ಮನಿಗೆ ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ಮೂರು ತಲೆಮಾರಿನಲ್ಲಿ ಬಾಕಿ ಹೀಗೆ ಇಳಿಯುತ್ತಾ ಬಂದಿದೆ. ಬೋರ್ಡಿನ ಮೇಲೆ ನಮ್ಮ ಭಾಷೆ ಕಂಡರೆ ಸಂತೋಷವೇ. ಆದರೆ ಬೋರ್ಡು ಯಾರಿಗೂ ಓದು ಕಲಿಸುವುದಿಲ್ಲ. ಈ ರಜೆಯಲ್ಲಿ ತಮ್ಮನಿಗೆ ದಿನಕ್ಕೆ ಎರಡು ಅಕ್ಷರ ಕಲಿಸುವುದೆಂದು ನಾನೂ ನಾನಿಯೂ ಮಾತಾಡಿಕೊಂಡಿದ್ದೇವೆ. ನಿಮ್ಮ ಮನೆಮಾತು ಉರ್ದು, ಬ್ಯಾರಿ, ತುಳು, ಕನ್ನಡ ಯಾವುದೇ ಇರಲಿ, ಮನೆಯ ಚಿಕ್ಕವರಿಗೆ ಅದು ಎಷ್ಟು ಬರುತ್ತದೆ ಎಂದು ಒಮ್ಮೆ ಕೇಳಿ ನೋಡಿ.